ಕೆಳಗಿನ ಹಗ್ಗ

ಜುಲೈ 17, ಸೋಮವಾರ
ಮತ್ತೆ ಸ್ನಾನದ ತೊಟ್ಟಿಯ ಮುಂದೆ ಮಂಡಿಯೂರಿದ್ದೆ. ಎರಡು ಚಾದರ, ಮೂರು ಟವೆಲ್. ಮಾಂಟ್ರಿಯಲ್‌ನ ಈ ಮೂರನೇ ಮಹಡಿಯ ಗೂಡಿನಲ್ಲಿ ವಾಷಿಂಗ್ ಮಷೀನಿಗೆ ನಲ್ಲಿಯೂ ಇಲ್ಲ, ಪ್ಲಗ್ಗೂ ಇಲ್ಲ. ಮಷೀನು, ಡ್ರೈಯರು, ಮನೆ — ಎಲ್ಲ ವಿಚ್ಛೇದನದಲ್ಲಿ ಗಂಡ ಇವೊನ್ ಪಾಲಿಗೆ. ಮೂವತ್ತೊಂದು ವರ್ಷದ ಸಂಸಾರದಿಂದ ನನಗೆ ಬಂದದ್ದು ಬಟ್ಟೆ ಕ್ಲಿಪ್ಪಿನ ಬುಟ್ಟಿ.

ಅಡುಗೆಮನೆ ಕಿಟಕಿಯಿಂದ ಹಿತ್ತಿಲ ಕಂಬಕ್ಕೆ ರಾಟೆಯ ಮೇಲೆ ಎಳೆದಾಡುವ ಬಟ್ಟೆ ಹಗ್ಗ. ಚಾದರ ಹಾಕಿ ಐದು ನಿಮಿಷವಾಗಿಲ್ಲ, ಕೆಳಗಿನಿಂದ ಕೂಗು.
"ಮೇಡಂ! ಮೇಲೆ ಮಳೆ ಶುರುವಾಯ್ತಾ? ನನ್ನ ಶರ್ಟು ಒಣಗಿತ್ತು!"
ಎರಡನೇ ಮಹಡಿಯ ಮೊಸ್ಯೂ ಲಾಫ್ಲಾಮ್. ಎಂಬತ್ತು ದಾಟಿದೆ, ಹಿಂದೆ ಬಸ್ ಓಡಿಸುತ್ತಿದ್ದರಂತೆ. ಅವರ ಹಗ್ಗ ನನ್ನ ಹಗ್ಗದ ನೇರ ಕೆಳಗೆ.
"ಕೆಳಗಿನವ್ರ ಬಟ್ಟೆ ಒಳಗೆ ಹೋಗೋ ತನಕ ಮೇಲಿನವ್ರು ಕಾಯ್ಬೇಕು. ಇಲ್ಲಾಂದ್ರೆ ಸರಿಯಾಗಿ ಹಿಂಡ್ಬೇಕು. ಈ ಬೀದೀಲಿ ಮಕ್ಕಳಿಗೂ ಗೊತ್ತು. ಎಲ್ಲಿಯವ್ರು ನೀವು?"
"ಬೂಷರ್‌ವಿಲ್."
"ಅದಕ್ಕೇ! ನದಿಯಾಚೆ ಬಡಾವಣೆಯ ಡ್ರೈಯರ್ ಜನ!"
ನಾಚಿಕೆಯಾಯಿತು. ಗುರುವಾರದಿಂದ ಯಾರೂ ನನ್ನೊಡನೆ ಮಾತಾಡಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಆಗಸ್ಟ್ 14, ಸೋಮವಾರ
ಈಗ ನಿಯಮ ಪಾಲಿಸುತ್ತೇನೆ. ಅವರು ಹನ್ನೊಂದಕ್ಕೆ ಶರ್ಟು ತೆಗೆದರು. ಆಮೇಲೆ ನಾನು ಹಾಕಿದೆ. ಯಾರೂ ಕೂಗಲಿಲ್ಲ. ಕಾಫಿ ಹಿಡಿದು ಕಿಟಕಿಯಲ್ಲಿ ಕೂತೆ... ಮನೆ ಬಿಕೋ ಎನ್ನುತ್ತಿತ್ತು.

ಸೆಪ್ಟೆಂಬರ್ 11, ಸೋಮವಾರ
ಬರೆಯಲೂ ನಾಚಿಕೆ. ಇವತ್ತು ಬೇಕೆಂದೇ ಹಿಂಡಲಿಲ್ಲ. ಅವರ ನೀಲಿ ಶರ್ಟು ಇನ್ನೂ ಹಗ್ಗದಲ್ಲಿತ್ತು. ಚಾದರ ಎತ್ತಿ ಹಾಗೇ ಹಾಕಿದೆ, ಧಾರೆಧಾರೆ.
"ಮೇಡಂ! ಕೈಯಲ್ಲಿ ಜೀವ ಇಲ್ವಾ?"
"ಮಣಿಕಟ್ಟು ನೋಯ್ತಿದೆ, ಮೊಸ್ಯೂ."
"ಎರಡೆರಡು ಚಾದರ ಯಾಕೆ ಒಬ್ರಿಗೆ?"
ಹತ್ತು ನಿಮಿಷ ಬೈದರು. ಸುಖವಾಗಿತ್ತು. ಅರವತ್ತಕ್ಕೆ ಅರಳು ಮರಳು, ನನಗೆ ಇನ್ನೂ ಐವತ್ತೊಂಬತ್ತು.

ನವೆಂಬರ್ 20
ಪ್ರತಿ ಸೋಮವಾರ ಅದೇ ಜಗಳ. ವಾರದ ಉಳಿದ ಆರು ದಿನಕ್ಕೆ ಅಷ್ಟೇ ಬುತ್ತಿ.

ಜನವರಿ 15, ಸೋಮವಾರ
ಟವೆಲ್‌ಗಳು ಹಲಗೆಯಂತೆ ಸೆಟೆದಿವೆ. ಚಾದರದಿಂದ ಇಳಿದ ನೀರು ಅವರ ಶರ್ಟಿನ ತೋಳಲ್ಲೇ ಮಂಜುಗಡ್ಡೆ. ಬೈದರು. ಮೈ ಏಕೋ ಬಿಸಿ.

ಜನವರಿ 31, ಬುಧವಾರ
ಎರಡು ವಾರದಿಂದ ಜ್ವರ. ಇವತ್ತು ಬಾಗಿಲು ಬಡಿದ ಸದ್ದು. ಮೊಸ್ಯೂ ಲಾಫ್ಲಾಮ್ — ಆ ಹಿಮ ಕಟ್ಟಿದ ಹೊರಮೆಟ್ಟಿಲು ಹತ್ತಿ, ಕೈಯಲ್ಲಿ ಬಟಾಣಿ ಸೂಪಿನ ಪಾತ್ರೆ. ಏದುಸಿರು.
"ಎರಡು ಸೋಮವಾರ ಆಯ್ತು, ನನ್ನ ಶರ್ಟು ಒದ್ದೆಯಾಗಿಲ್ಲ. ಸತ್ತೇ ಹೋದ್ರೇನೋ ಅಂದ್ಕೊಂಡೆ."
"ಕ್ಷಮಿಸಿ ಮೊಸ್ಯೂ, ನಾನು ಬೇಕೂಂತಲೇ..."
"ಗೊತ್ತು ಬಿಡಿ. ಶರ್ಟು ಒಣಗಿದ್ಮೇಲೂ ನಾನ್ಯಾಕೆ ಒಳಗೆ ತಗೋತಿರ್ಲಿಲ್ಲ ಅಂತ ನೀವು ಕೇಳಿದ್ರಾ?"
ನನ್ನ ಫೋನ್ ನಂಬರ್ ಬರೆದುಕೊಂಡು ಅವರು ಹೋದ ಮೇಲೆ ಅತ್ತೆ. ಸೂಪಿಗೆ ಉಪ್ಪು ಜಾಸ್ತಿ. ಪೂರ್ತಿ ಕುಡಿದೆ.

ಮೇ 13, ಸೋಮವಾರ
ಅವರ ಮಗಳು ಲಾವಾಲ್‌ನ ತನ್ನ ಮನೆಗೆ ಕರೆದೊಯ್ಯುತ್ತಾಳಂತೆ. ಮೆಟ್ಟಿಲು ಇನ್ನು ಆಗದು. ಜುಲೈ ಒಂದಕ್ಕೆ. ಕಿಟಕಿಯಿಂದಲೇ ಹೇಳಿದರು, ಮೇಲೆ ನೋಡದೆ.
"ಡ್ರೈಯರ್ ಇರ್ಬೇಕು ಅಲ್ಲಿ?"
"ಇದೆ. ನಲವತ್ತು ನಿಮಿಷಕ್ಕೆ ಎಲ್ಲಾ ಒಣಗುತ್ತಂತೆ. ಏನ್ ಮಾಡ್ಲಿ ಅಷ್ಟು ಬೇಗ ಒಣಗಿದ್ರೆ?"
ಇನ್ನೊಂದು ಚಾದರ ಹಾಕಿದೆ, ಹಿಂಡದೆ.

ಜುಲೈ 1
ಊರಿಗೆ ಊರೇ ಮನೆ ಬದಲಿಸುವ ದಿನ. ಬೀದಿ ತುಂಬ ಲಾರಿ, ಮೆಟ್ಟಿಲ ಮೇಲೆ ಫ್ರಿಜ್ಜು, ಬೈಗುಳ. ಕಿಟಕಿ ಮುಚ್ಚಿಕೊಂಡು ಕೂತೆ. ಮೊಸ್ಯೂ ಹೇಗೋ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು, ಎರಡು ಸಲ. ತೆಗೆಯಲಿಲ್ಲ. ಹೇಡಿ ನಾನು.

ಜುಲೈ 8, ಸೋಮವಾರ, ಬೆಳಿಗ್ಗೆ 9
ಒಂದು ವಾರದ ಮೇಲೆ ಕಿಟಕಿ ತೆರೆದೆ. ಕೆಳಗಿನ ಹಗ್ಗದಲ್ಲಿ ನೀಲಿ ಶರ್ಟು! ಮರೆತು ಹೋಗಿದ್ದಾರೆ. ಅವರ ಮನೆಗೆ ಬೀಗ, ಹೊಸಬರು ಬರುವುದು ಆಗಸ್ಟಿಗೆ. ನನ್ನ ಕೈಗೆ ಎಟುಕುವುದಿಲ್ಲ. ಚಾದರ ಒಗೆದೆ. ಹಿಂಡಲಿಲ್ಲ. ಹನಿ ಬಿದ್ದವು... ಯಾರೂ ಕೂಗಲಿಲ್ಲ.

10:20
ಫೋನು.
"ಮೇಡಂ, ಸೋಮವಾರ ಇವತ್ತು. ನನ್ನ ಶರ್ಟು ಒದ್ದೆಯಾಯ್ತಾ?"
"ತೊಯ್ದು ತೊಪ್ಪೆ."
"ಸದ್ಯ." ಉಸಿರು ಬಿಟ್ಟರು.
"ಮರ್ತು ಹೋಗಿದೀರಿ. ಯಾವಾಗ ಬರ್ತೀರಿ ತಗೊಳ್ಳೋಕೆ?"
ಆ ಕಡೆ, ಹಿಂದೆ ಎಲ್ಲೋ ಡ್ರೈಯರ್ ಗುಂಯ್‌ಗುಡುತ್ತಿತ್ತು.
"ಮರ್ತಿಲ್ಲ, ಮೇಡಂ," ಎಂದರು. "ಅಲ್ಲೇ ಇರ್ಲಿ. ಮುಂದಿನ ಸೋಮವಾರ ಮತ್ತೆ ಕೇಳ್ತೀನಿ."

12:30
ಬಿಸಿಲು ಜೋರು. ಶರ್ಟಿನ ಒಂದು ತೋಳು ಆಗಲೇ ಒಣಗಿದೆ. ಚಾದರವನ್ನು ಒಳಗೆಳೆದು ಮತ್ತೆ ನೀರಿಗೆ ಹಾಕಬೇಕು.