ಸಕ್ಕರೆ ಹಾಕಿದ ಟೀ

ಅಮ್ಮಾ,

ತೀರಿಹೋದವರಿಗೆ ಪತ್ರ ತಲುಪುವುದಿಲ್ಲವೆಂದು ಗೊತ್ತು. ಆದರೂ ಈ ಮನೆಯ ಸುದ್ದಿ ಹೇಳಲು ನನಗೆ ಬೇರೆ ಯಾರಿದ್ದಾರೆ?

ಅಪ್ಪನಿಗೆ ಸಕ್ಕರೆ ಹಾಕಿದ ಟೀ ಕೊಡಬಹುದೆಂದು ಡಾಕ್ಟರು ಇವತ್ತು ಹೇಳಿದರು. ನನ್ನೊಬ್ಬಳನ್ನೇ ಹೊರಗೆ ಕರೆದು, "ಇನ್ನು ಪಥ್ಯ ಗಿಥ್ಯ ಬೇಡಮ್ಮ, ಕೇಳಿದ್ದು ಕೊಡಿ," ಎಂದರು.

ಮನೆಗೆ ಬಂದವಳೇ ನಿನ್ನ ಹಾಗೆ ಪುಡಿಯನ್ನು ಚೆನ್ನಾಗಿ ಕುದಿಸಿ, ಶುಂಠಿ ಜಜ್ಜಿ ಹಾಕಿ, ಗಟ್ಟಿ ಹಾಲು ಬೆರೆಸಿದೆ. ಅಪ್ಪ ಬಸ್ಸು ಓಡಿಸುತ್ತಿದ್ದಾಗ ನಿಲ್ದಾಣಕ್ಕೊಂದು ಟೀ ಕುಡಿಯುತ್ತಿದ್ದ ಮನುಷ್ಯ. ಶುಗರ್ ಬಂದ ಮೇಲೆ ನಾನು ಗ್ರೀನ್ ಟೀ ಕೊಟ್ಟರೆ "ಹುಲ್ಲು ತೊಳೆದ ನೀರು" ಎಂದು ಮುಖ ಸಿಂಡರಿಸುತ್ತಿದ್ದರು. ನೀನು ಕದ್ದು ಕೊಡುತ್ತಿದ್ದ ಅರ್ಧ ಲೋಟ ಸಕ್ಕರೆ ಟೀಯನ್ನು ಕಿತ್ತುಕೊಂಡು ಚೆಲ್ಲುತ್ತಿದ್ದವಳು ನಾನು.

ಇವತ್ತು ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಸಕ್ಕರೆ ಹಾಕಿದೀಯಾ?"

"ಹೂಂ. ಡಾಕ್ಟರೇ ಹೇಳಿದ್ರು. ಶುಗರ್ ಇಳಿದಿದೆಯಂತೆ."

ನಿನಗಾದರೆ ಸುಳ್ಳು ಹೇಳಲು ಬರುತ್ತಿತ್ತು. ಅಪ್ಪ ನನ್ನ ಮುಖವನ್ನೇ ನೋಡುತ್ತ ಕೂತರು. ಟೀ ಮೇಲೆ ಕೆನೆ ಕಟ್ಟಿತು.

"ಇದು ಬೇಡ. ಆ ಗ್ರೀನ್ ಟೀನೇ ಮಾಡು," ಎಂದರು. "ಅದು ಮೈಗೆ ಒಳ್ಳೇದು ಅಂತ ನೀನೇ ಹೇಳ್ತಿದ್ದೆಯಲ್ಲ."

ನೀರು ಮರಳುವ ಮೊದಲೇ ಇಳಿಸಿ, ಕಹಿಯಾಗದ ಹಾಗೆ ಎಲೆಯನ್ನು ಸ್ವಲ್ಪವೇ ಹೊತ್ತು ನೆನೆಸಿ ಕೊಟ್ಟೆ. ಎರಡೂ ಕೈಯಲ್ಲಿ ಲೋಟ ಹಿಡಿದು, ಎಂದೂ ಇಲ್ಲದ ಹಾಗೆ ತಳದವರೆಗೂ ಕುಡಿದರು. ಬಾಯಿ ಒರೆಸಿಕೊಂಡು, "ಡಾಕ್ಟರಿಗೆ ಫೋನ್ ಮಾಡಿ ಹೇಳು, ನಾನಿನ್ನೂ ಪಥ್ಯ ಬಿಟ್ಟಿಲ್ಲ ಅಂತ," ಎಂದರು.

ಫೋನ್ ತೆಗೆದುಕೊಂಡು ಅಡುಗೆಮನೆಗೆ ಬಂದೆ. ಯಾರಿಗೂ ಮಾಡಲಿಲ್ಲ.