ಹುಲಿಕೆರೆಯ ಮೆಟ್ಟಿಲಿನ ಸೀಮೆಸುಣ್ಣದ ಗೆರೆ

ಅರಸೀಕೆರೆ
೧೮ ಜೂನ್ ೨೦೨೪

ಉಮಾಶಂಕರ್ ಅವರಿಗೆ,

ಪ್ರತಿಮಾ ಮಾಡುವ ನಮಸ್ಕಾರ. ‘ರೀ’ ಎಂದು ಕರೆಯುವುದನ್ನು ಬಿಟ್ಟು ಹದಿನೆಂಟು ವರ್ಷವಾಯಿತು, ಅದಕ್ಕೇ ಪೂರ್ತಿ ಹೆಸರು.

ನಮ್ಮ ಕಾಲದ ನಿಮ್ಮ ಹಳೆಯ ಸಿನಿಮಾದ ಬ್ಲೂ-ರೇ ಡಿಸ್ಕ್ ತಲುಪಿತು, ಚೀಟಿಯೂ ಸಿಕ್ಕಿತು. ನಾನು ಪತ್ರಿಕೆಯಲ್ಲಿ ಡಿಸ್ಕುಗಳ ಚಿತ್ರ ಹೇಗಿದೆಯೆಂದು ಬರೆಯುವವಳು ಎಂಬುದು ಈಗಲಾದರೂ ನೆನಪಾಯಿತಲ್ಲ! ನಾಲ್ಕು ಒಳ್ಳೆಯ ಮಾತು ಬರಿ, ಹುಲಿಕೆರೆಯ ಆ ಶಾಟ್ ಬಗ್ಗೆ ಸುಮ್ಮನಿರು ಎಂದಿದ್ದೀರಿ. ನನ್ನ ಮರ್ಯಾದೆ ಉಳಿಸಲಿಕ್ಕಂತೆ. ನಗು ಬಂತು.

ಮೊದಲು ಒಳ್ಳೆಯ ಮಾತು. ಹಳೇಬೀಡಿನ ಕೆರೆ ಏರಿಯ ಮೇಲೆ ಬಸ್ಸು ಎಬ್ಬಿಸುವ ಧೂಳು ಕಣಕಣವಾಗಿ ಕಾಣುತ್ತದೆ. ನೆರಳಿನಲ್ಲಿರುವ ಕಲ್ಲಿನ ಮೇಲಿನ ಉಳಿಯ ಗುರುತೂ ಅಳಿಸಿಲ್ಲ. ಮುಖಗಳನ್ನು ಉಜ್ಜಿ ಮೇಣದ ಗೊಂಬೆ ಮಾಡಿಲ್ಲ. ಮೂರು ತಿಂಗಳು ನೀವೇ ಕೂತು ಹಳೆಯ ರೀಲನ್ನು ಶುಚಿ ಮಾಡಿಸಿದಿರಂತೆ. ಹತ್ತಕ್ಕೆ ಹತ್ತು.

ಇನ್ನು ಆ ಶಾಟ್. ಆಗ ನೀವು ಕ್ಯಾಮೆರಾಮನ್, ನಾನು ನಿಮ್ಮ ಹೆಂಡತಿ, ಫೋಕಸ್ ನೋಡಿಕೊಳ್ಳುವವಳು. ಲೆನ್ಸಿನಿಂದ ಕಲ್ಯಾಣಿಯ ಮೆಟ್ಟಿಲಿಗೆ ಟೇಪ್ ಹಿಡಿದು ಅಳೆದು, ನಾಯಕಿ ನಿಲ್ಲಬೇಕಾದಲ್ಲಿ ಸೀಮೆಸುಣ್ಣದ ಗೆರೆ ಎಳೆದಿದ್ದೆ. ಲ್ಯಾಬಿನಲ್ಲಿ ರೀಲು ತೊಳೆದು ಬಂದಾಗ ಅವಳ ಮುಖ ಮಸುಕು. ಇಡೀ ಯೂನಿಟ್ ಎದುರು ನೀವು ‘ಇವಳಿಗೆ ಟೇಪ್ ಹಿಡಿಯೋಕೂ ಬರಲ್ಲ ಕಣ್ರೀ, ಕಟ್ಕೊಂಡ ತಪ್ಪಿಗೆ ಕೆಲಸ ಕೊಟ್ಟೆ’ ಅಂದಿರಿ. ಆಮೇಲೆ ಯಾರೂ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ನಾನು ಮನೆ ಬಿಟ್ಟೆ. ಮಗಳು ಸಿಂಚನಾ ನಿಮ್ಮ ಬಳಿ ಉಳಿದು, ಅಮ್ಮ ಕೆಲಸಗೇಡಿ ಎಂದೇ ನಂಬಿ ಬೆಳೆದಳು. ಅದು ನನ್ನನ್ನು ಸುಟ್ಟಷ್ಟು ಬೇರಾವುದೂ ಸುಡಲಿಲ್ಲ.

ಸವೆದ ಪ್ರಿಂಟಿನಲ್ಲಿ, ಟಿವಿಯಲ್ಲಿ ಎಲ್ಲವೂ ಮಸುಕಾಗಿಯೇ ಇತ್ತು. ತಪ್ಪು ನನ್ನದೇ ಇರಬಹುದೇ ಎಂದು ನನಗೂ ಅನ್ನಿಸುತ್ತಿತ್ತು. ಈಗ ಒಂದು ಗಂಟೆ ಹನ್ನೆರಡನೇ ನಿಮಿಷದಲ್ಲಿ ನಿಲ್ಲಿಸಿ ನೋಡಿ. ನನ್ನ ಗೆರೆ ನಿಚ್ಚಳವಾಗಿದೆ, ಅದರ ಪುಡಿ ಕೂಡ ಕಾಣುತ್ತದೆ. ಅಂದರೆ ಫೋಕಸ್ ನಾನು ಅಳೆದಲ್ಲೇ ಇದೆ; ನಾಯಕಿ ಮಾತ್ರ ಅದನ್ನು ದಾಟಿ ಎರಡು ಮೆಟ್ಟಿಲು ಮುಂದೆ ಬಂದು ನಿಂತಿದ್ದಾಳೆ. ಥಿಯೇಟರಿನಲ್ಲಿ ಮರೆಯಾಗುತ್ತಿದ್ದ ಚಿತ್ರದ ಅಂಚನ್ನೂ ಡಿಸ್ಕಿನಲ್ಲಿ ಉಳಿಸಿದ್ದೀರಿ. ಅಲ್ಲಿ ಕ್ಯಾಮೆರಾ ಪಕ್ಕದಿಂದ ಚಾಚಿದ ಒಂದು ಕೈ ಅವಳನ್ನು ಬಾ ಎಂದು ಕರೆಯುತ್ತಿದೆ. ಕೈಯಲ್ಲಿ ನಾನು ಕೊಡಿಸಿದ ತಾಮ್ರದ ಕಡಗ. ಅಲ್ಲಿ ಬಿಸಿಲು ಚೆನ್ನಾಗಿದೆಯೆಂದು, ಲೆನ್ಸಿನ ಮೇಲೇ ಕಣ್ಣಿಟ್ಟಿದ್ದ ನನಗೊಂದು ಮಾತೂ ಹೇಳದೆ ಅವಳನ್ನು ಕರೆದದ್ದು ನೀವು.

ವಿಮರ್ಶೆ ನಾಡಿದ್ದು ಅಚ್ಚಾಗುತ್ತದೆ. ಗೆರೆ, ಕಾಲು, ಕಡಗ ಮೂರೂ ಕಾಣುವಂತೆ ಅರ್ಧ ಪುಟದ ಚಿತ್ರ ಹಾಕಿಸಿದ್ದೇನೆ. ನಿಮ್ಮ ಯೂನಿಟ್ಟಿನವರಿಗೆಲ್ಲ ಒಂದೊಂದು ಪ್ರತಿ ಹೋಗುತ್ತದೆ. ನನಗೆ ಒಂದು ಚೂರೂ ಕನಿಕರವಿಲ್ಲ.

ಇಂತಿ,
ಟೇಪ್ ಸರಿಯಾಗಿಯೇ ಹಿಡಿದಿದ್ದ
ಪ್ರತಿಮಾ

ಮರೆತಿದ್ದೆ: ವಿಮರ್ಶೆ ಬರೆದದ್ದು ನಾನಲ್ಲ. ಭಾನುವಾರ ಸಿಂಚನಾ ಬಂದಿದ್ದಳು. ಡಿಸ್ಕ್ ಹಾಕಿ ರಿಮೋಟ್ ಅವಳ ಕೈಗೆ ಕೊಟ್ಟೆ. ನಾಲ್ಕು ಸಲ ನಿಲ್ಲಿಸಿ ನೋಡಿ, ‘ಇದನ್ನ ನಾನೇ ಬರೀತೀನಿ ಅಮ್ಮ’ ಅಂದಳು. ಅವಳ ಹೆಸರಿನ ಮೊದಲು ನಿಮ್ಮ ‘ಯು.’ ಇತ್ತಲ್ಲ, ಅದನ್ನು ಹೊಡೆದುಹಾಕಿ ‘ಪಿ. ಸಿಂಚನಾ’ ಎಂದು ಸಹಿ ಮಾಡಿದ್ದಾಳೆ.