ಹಡಗಿಲ್ಲದ ಕಂಪನಿಗೆ ಬಿದ್ದ ಚಪ್ಪಾಳೆ

ಎಲೈ ಮಿತ್ರ ದುಗ್ಗಪ್ಪ,

ನೀನು ತೀರಿಹೋದ ಮೇಲೂ ನಿನ್ನ ಹಡಗು ದಲ್ಲಾಳಿ ಕಂಪನಿಯ ಪರದೆ ಬಿದ್ದಿಲ್ಲ, ಕೇಳು! ದಾಳಿಗಳ ಭಯಕ್ಕೆ ಕೆಂಪು ಸಮುದ್ರದ ದಾರಿ ಕೆಟ್ಟು ಹಡಗುಗಳೆಲ್ಲ ಆಫ್ರಿಕಾ ಸುತ್ತುತ್ತಿವೆ. ಸರಕಿಗೆ ಹಡಗು ಹುಡುಕಿಕೊಡಿ ಎಂದು ಜನ ನಿನ್ನ ಮಗಳು ತೃಷಾಳ ಬಾಗಿಲಲ್ಲಿ ನಿಂತಿದ್ದಾರೆ. ಕೆಲಸ ಉಂಟು, ಬಂಡವಾಳ ಸಾಲದು. ಅದಕ್ಕೆ ಇವತ್ತು ಮಣ್ಣಗುಡ್ಡದ ಸಭಾಂಗಣಕ್ಕೆ ಪರಿಚಯದವರನ್ನೆಲ್ಲ ಕರೆದು, ಶೇರು ಕೊಳ್ಳಿರೆಂದು ಕೇಳಿದಳು.

ಹಿಂದಿನಿಂದ ಒಬ್ಬ ಕೂಗಿದ: "ಒಂದು ದೋಣಿಯೂ ಇಲ್ಲದ ಕಂಪನಿಗೆ ಎಂತ ಶೇರು ಮಾರಾಯ್ರೆ?"

ಸಭೆಯೆಲ್ಲ ನಕ್ಕಿತು. ತೃಷಾಳ ಮುಖ ಬಾಡಿತು.

ಎದ್ದೆ ನಾನು! ನಾಟಕದ ಗಂಟಲಿಗೆ ಮೈಕು ಯಾಕೆಂದು, ತಂದವರನ್ನು ಕೈಯೆತ್ತಿ ತಡೆದೆ. "ಮದುವೆ ಕುದುರಿಸುವವ ತಾನೇ ಮದುಮಗ ಆಗ್ಲಿಕ್ಕುಂಟಾ? ಹೆಣ್ಣು ಗಂಡು ಸಿಗದ ಕಾಲದಲ್ಲೇ ಅವನಿಗೆ ಬೆಲೆ! ಮೊದಲ ಶೇರು ನನ್ನ ಹೆಸರಿಗೆ ಬರಿ, ಮಗಾ!"

ಫ್ಯಾನಿನ ಧೂಳು ಉದುರುವಂಥ ಚಪ್ಪಾಳೆ, ದುಗ್ಗಪ್ಪ! ನಕ್ಕವರೇ ಸಾಲುಗಟ್ಟಿ ಶೇರು ಕೊಂಡರು.

ಕೊನೆಗೆ ತೃಷಾ ಬಂದು, "ಅಂಕಲ್, ಎಂಥ ಡೈಲಾಗ್! ನಿಮ್ಮದೇ ಅಲ್ವಾ?" ಎಂದಳು.

"ಅಲ್ಲ, ನಿನ್ನ ಅಪ್ಪನದ್ದು. ಕಂಪನಿ ಶುರು ಮಾಡುವಾಗ, ನಮ್ಮ ನಾಟಕದ ರಿಹರ್ಸಲ್ಲಿಗೆ ಬಂದಾಗ ಇದೇ ದೋಣಿಯ ಪ್ರಶ್ನೆಗೆ ಹೇಳಿದ್ದು" ಎಂದೆ.

ಅಂದು ರಿಹರ್ಸಲ್ಲಿನಲ್ಲಿ ಆ ಪ್ರಶ್ನೆ ಕೇಳಿ ಎಲ್ಲರನ್ನೂ ನಗಿಸಿದವ ಯಾರೆಂದು ಅವಳು ಕೇಳಲಿಲ್ಲ; ನನ್ನ ನಾಲಿಗೆ ನಿನಗಂತೂ ಗೊತ್ತಲ್ಲ!